ಮೀನು ಮಾರುವ ರಾಗ

ಹೋದ ತಿಂಗಳು ಒಂದು ಬೆಳಿಗ್ಗೆ ಅಬುಧಾಬಿಯ ಮುಸಫ್ಫಾದ ನನ್ನ ವರ್ಕ್‌ಶಾಪಿನಲ್ಲಿ ಹಳೆಯ ಕಂಪ್ರೆಸರ್ ಒಂದನ್ನು ಬಿಚ್ಚಿಕೊಂಡು ಕೂತಿದ್ದೆ. ಊರಿನಿಂದ ನನ್ನ ಹಳೆಯ ಸ್ನೇಹಿತರೊಬ್ಬರ ಹೆಂಡತಿಯ ಫೋನು ಬಂತು. ನಮಸ್ಕಾರವಿಲ್ಲ, ಪೀಠಿಕೆಯಿಲ್ಲ.

"ಹ್ವಾಯ್, ಅವ್ರ್ ಇವತ್ ಬೆಳಿಗ್ಗೆ ತೀರ್ಕಂಡ್ರ್. ನಿದ್ರಿಯಲ್ಲೇ ಹೋಯ್ರ್. ನಿಮ್ಗೆ ನಾನೇ ಹೇಳ್ಕ್ ಅಂತ ಫೋನ್ ಮಾಡ್ದೆ."

ಗಲ್ಫಿನಲ್ಲಿ ದುಡಿಯುವ ನಮಗೆ ಸಾವಿನ ಸುದ್ದಿ ಹೀಗೆ ನೆಟ್ಟಗೆ ಬರುವುದಿಲ್ಲ. ಮೊದಲು 'ಸ್ವಲ್ಪ ಹುಷಾರಿಲ್ಲ' ಅನ್ನುತ್ತಾರೆ. ಸಂಜೆಗೆ 'ಆಸ್ಪತ್ರೆಗೆ ಹಾಕಿದ್ದೇವೆ' ಆಗುತ್ತದೆ. ಮರುದಿನ 'ರಜೆ ಸಿಗುತ್ತದಾ ಕೇಳಿ ನೋಡು' ಅನ್ನುವ ಹೊತ್ತಿಗೆ ನಮಗೆ ಎಲ್ಲ ಗೊತ್ತಾಗಿರುತ್ತದೆ. ಇಲ್ಲಿಂದ ಊರಿಗೆ ಹೋಗುವ ಸುದ್ದಿಯೂ ಅದೇ ಮೆಟ್ಟಿಲು ಇಳಿದು ಹೋಗುತ್ತದೆ. ಇಲ್ಲಿ ಒಬ್ಬ ಸತ್ತರೆ ಪೆಟ್ಟಿಗೆ ವಿಮಾನ ಹತ್ತುವವರೆಗೂ ಮನೆಯವರಿಗೆ ಅದು ಜ್ವರವೇ. ಕೆಟ್ಟ ಮನಸ್ಸಿನಿಂದ ಮಾಡುವುದಲ್ಲ; ದೂರದಲ್ಲಿರುವವರ ಎದೆ ಒಡೆಯಬಾರದು ಎಂದು ಎಲ್ಲರೂ ಸೇರಿ ಮಾಡಿಕೊಂಡ ಪದ್ಧತಿ. ಈ ಪದ್ಧತಿಯಿಂದಾಗಿಯೇ ಒಂದು ಸಲ, ಉಸಿರಾಡುತ್ತಿದ್ದ ಈ ಮನುಷ್ಯ ತಮ್ಮ ಮನೆಯವರ ಲೆಕ್ಕದಲ್ಲಿ ಸತ್ತವರ ಪಾಲಿಗೆ ಸೇರುವುದರಲ್ಲಿದ್ದರು. ಅವರನ್ನು ಅಲ್ಲಿಂದ ಎಳೆದು ತಂದದ್ದು ಒಂದು ರಾಗ. ಸಾವಿನ ಮನೆಯ ಬರಹ ದುಃಖದಲ್ಲಿರಬೇಕು ಅನ್ನುತ್ತಾರೆ. ನನಗೆ ಅವರ ನೆನಪಾದರೆ ತೋಳಿನ ರೋಮ ನಿಲ್ಲುತ್ತದೆ, ನಾಲ್ಕು ಜನರನ್ನು ಕರೆದು ಹೇಳಬೇಕು ಅನ್ನಿಸುತ್ತದೆ. ಏನು ಮಾಡಲಿ!

ಅವರು ಅಬುಧಾಬಿಯ ಅಲ್ ಮೀನಾ ಮೀನು ಮಾರುಕಟ್ಟೆಯಲ್ಲಿ ವ್ಯಾಪಾರಕ್ಕೆ ನಿಂತವರು. ಊರು ಗಂಗೊಳ್ಳಿಯ ಆಚೆ, ಕಡಲ ಬದಿ. ನಾನೂ ಆ ಕಡೆಯವನೇ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಮೊದಲು ದುಬೈಯ ದೇರಾದಲ್ಲಿ ಒಂದು ಕೋಣೆಗೆ ಎಂಟು ಜನ ಮಲಗಿ, ಏಸಿ ಕೆಲಸ ಕಲಿತು, ಸ್ವಂತ ಬೋರ್ಡು ಹಾಕಿದವನು. ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಮಾರುಕಟ್ಟೆಯ ಒಂದು ಶೀತಲ ಕೋಣೆ ಕೆಟ್ಟಿತೆಂದು ರಿಪೇರಿಗೆ ಹೋದಾಗ ಅವರನ್ನು ನೋಡುವುದಕ್ಕಿಂತ ಮೊದಲು ಕೇಳಿದೆ.

"ತಾ...ಜಾ ಬಂಗುಡೇ!"

'ತಾ' ಎತ್ತರದಲ್ಲಿ ಹಿಡಿದು, ಎಳೆದು, 'ಜಾ'ಕ್ಕೆ ಸ್ವಲ್ಪ ಇಳಿದು, ಮೀನಿನ ಹೆಸರಿಗೆ ಬರುವಾಗ ಮೆಲ್ಲಗೆ ನೆಲಕ್ಕೆ ಕೂರಿಸುವುದು. ಅಷ್ಟೇ. ಆದರೆ ಆ ಅಷ್ಟರಲ್ಲೇ ಅವರು ಲೋಕವನ್ನೇ ತುಂಬುತ್ತಿದ್ದರು. ಮಲಯಾಳಿ ಬಂದರೆ ಬಂಗುಡೆ 'ಅಯಲ' ಆಗುತ್ತಿತ್ತು. ಅರಬರು ಬಂದರೆ ಅವರ ಮೆಚ್ಚಿನ ಮೀನು, 'ತಾ...ಜಾ ಹಮೂರೂ'. ನನ್ನನ್ನು ಕಂಡ ಎರಡನೇ ದಿನವೇ ಇಡೀ ಮಾರುಕಟ್ಟೆಗೆ ಕೇಳುವ ಹಾಗೆ ಕೂಗಿದರು:

"ಏ...ಸೀ ಬಂತೂ! ತಾ...ಜಾ ಏಸೀ!"

ಸುತ್ತಲಿನ ಬಂಗಾಳಿಗಳು, ಕೇರಳದವರು ನಕ್ಕರು. ನನಗೆ ಸಿಟ್ಟು ಬಂತು. "ನಾನ್ ಎಂತ ಮೀನಾ?" ಎಂದೆ.

"ಮೀನಾದ್ರೆ ಇಷ್ಟೊತ್ತಿಗೆ ಮಾರಿ ಆತಿತ್ತ್. ನಿಮ್ಮನ್ನ ಯಾರ್ ತಕಂತ್ರ್ ಮಾರಾಯ್ರೆ!" ಎಂದರು.

ಹಾಗೆ ಸ್ನೇಹವಾಯಿತು. ಅವರು ಕೊನೆಯವರೆಗೂ ನನ್ನನ್ನು ಹೆಸರಿನಿಂದ ಕರೆಯಲಿಲ್ಲ, ನಾನು 'ಏಸಿಯವ್ರ್'. ದೊಡ್ಡ ಮೀಸೆ, ಎರಡೂ ತುದಿ ಮೇಲೆ. ಕೂಗುವಾಗ ಎಡಗೈ ಕಿವಿಯ ಹಿಂದೆ, ಬಲಗೈಯ ಚೂರಿಯ ಹಿಡಿ ಹಲಗೆಯ ಮೇಲೆ ಟಕ್ ಟಕ್ ಎಂದು ತಾಳಕ್ಕೆ.

ಅವರದ್ದೊಂದು ಮಾತಿತ್ತು: "ಮಾತ್ ಕೆಮಿಗ್ ಹೋತ್ತ್, ಸ್ವರ ಕಾಲಿಗ್ ಹೋತ್ತ್." ಮಾತು ಕಿವಿಗೆ, ಸ್ವರ ಕಾಲಿಗೆ. ನಾನು ನಂಬಲಿಲ್ಲ. ಒಂದು ದಿನ ತೋರಿಸಿಕೊಟ್ಟರು. ಟ್ರಾಲಿ ತಳ್ಳಿಕೊಂಡು ಒಬ್ಬ ಹೆಂಗಸು ಬೇರೆ ಅಂಗಡಿಗೆ ದಡದಡ ಹೋಗುತ್ತಿದ್ದಳು. "ಅವ್ಳ ಕಾಲ್ ಕಾಣಿ, ಮುಖ ಕಾಣ್ಬೇಡಿ" ಎಂದವರೇ ಕೂಗು ಶುರು ಮಾಡಿದರು, ಚೂರಿಯ ಹಿಡಿಯಿಂದ ತಾಳ ಹಾಕಿದರು. ದೇವರಾಣೆಗೂ ಹೇಳುತ್ತೇನೆ, ಆ ಹೆಂಗಸಿನ ಹೆಜ್ಜೆ ನಿಧಾನವಾಯಿತು, ತಾಳಕ್ಕೆ ಬಿತ್ತು, ಆಮೇಲೆ ಇತ್ತ ತಿರುಗಿತು. ಅವಳಿಗೆ ಗೊತ್ತೇ ಇಲ್ಲ! ಎರಡು ಕಿಲೋ ಮೀನು ತೆಗೆದುಕೊಂಡು ಹೋದಳು. "ಆ ಹೆಂಗ್ಸಿಗೆ ಮೀನ್ ಬೇಡ ಇತ್ತ್. ಕಾಲಿಗ್ ಬೇಕಾಯ್ತ್" ಎಂದು ಮೀಸೆ ತೀಡಿದರು.

ಇನ್ನೊಂದು ಸಲ, ಮಾರುಕಟ್ಟೆಯ ಗೋಡೆಯಾಚೆ ಒಂದು ಭಾರದ ಯಂತ್ರ ಎಳೆಯಬೇಕಾಗಿತ್ತು. ನನ್ನ ಹುಡುಗರಲ್ಲಿ ಒಬ್ಬ ನೇಪಾಳದವನು, ಒಬ್ಬ ಬಿಹಾರಿ, ಇಬ್ಬರು ಪಾಕಿಸ್ತಾನಿಗಳು. ಒಬ್ಬ ಎಳೆಯುವಾಗ ಇನ್ನೊಬ್ಬ ಉಸಿರು ಬಿಡುತ್ತಾನೆ. ಯಂತ್ರ ಕೂತಲ್ಲಿಂದ ಕದಲುವುದಿಲ್ಲ. ನಾನು ಕ್ರೇನ್ ತರಿಸುತ್ತೇನೆ ಎಂದೆ. ಅವರು ಕೈ ಒರೆಸಿಕೊಂಡು ಬಂದು, ಹಗ್ಗದ ತುದಿಯಲ್ಲಿ ನಿಂತು, ನಮ್ಮ ಕಡಲ ಬದಿಯಲ್ಲಿ ದೊಡ್ಡ ಬಲೆ ಎಳೆಯುವಾಗ ಹೇಳುವ ಹಾಗೆ 'ಏಲೇ... ಐಸಾ!' ಎಂದು ಎತ್ತಿದರು. ಮೂರನೇ ಐಸಾಕ್ಕೆ ಅಷ್ಟೂ ಜನರ ಬೆನ್ನು ಒಟ್ಟಿಗೆ ಬಗ್ಗಿತು. ಯಂತ್ರ ನಡೆದುಕೊಂಡು ಬಂದ ಹಾಗೆ ಬಂತು. ಒಬ್ಬನ ಭಾಷೆ ಒಬ್ಬನಿಗೆ ಬಾರದ ಮೈಗಳು ಒಂದೇ ಮೈ ಆದದ್ದನ್ನು ನಾನು ಅವತ್ತು ಕಂಡೆ. ಅವತ್ತಿನಿಂದ ನನ್ನ ವರ್ಕ್‌ಶಾಪಿನಲ್ಲಿ ಭಾರ ಎತ್ತುವಾಗ ಪಾಕಿಸ್ತಾನದ ಹುಡುಗರೂ ಐಸಾ ಅನ್ನುತ್ತಾರೆ.

ಅವರು ಇದ್ದದ್ದು ಎಲೆಕ್ಟ್ರಾ ಸ್ಟ್ರೀಟಿನ ಒಂದು ಹಳೆಯ ಕಟ್ಟಡದ ಫ್ಲ್ಯಾಟಿನಲ್ಲಿ, ಐದಾರು ಜನರ ಜೊತೆ. ಅದೇ ಕಟ್ಟಡದ ಕೆಳಗೆ ಭಟ್ಕಳದ ಒಬ್ಬ ಸಾಹೇಬರ ಅತ್ತರಿನ ಅಂಗಡಿ. ಸಾಹೇಬರ ಮನೆಯೂ ಮೇಲೆಯೇ, ಇವರ ಫ್ಲ್ಯಾಟಿನ ಎದುರು ಬಾಗಿಲು. ಶನಿವಾರ ಸಂಜೆ ಫ್ಲ್ಯಾಟಿನಲ್ಲಿ ಭಜನೆ. ಹಾರ್ಮೋನಿಯಂ ಶುರುವಾದ ಕೂಡಲೇ ಸಾಹೇಬರು ಅಂಗಡಿಗೆ ಇಳಿಯುತ್ತಿದ್ದರು, ಮಂಗಳ ಮುಗಿದು ಅವಲಕ್ಕಿ ಕಲಸುವ ಹೊತ್ತಿಗೆ ಸರಿಯಾಗಿ ಹತ್ತಿ ಬರುತ್ತಿದ್ದರು.

"ನಿಮ್ಮ ಭಜನೆ ದೇವರಿಗೂ ಕೇಳಿಸ್ತದೆ, ನನ್ನ ಗಿರಾಕಿಗೂ ಕೇಳಿಸ್ತದೆ. ದೇವರಿಗೆ ಸಾಕು ಭಾಯ್, ಸ್ವಲ್ಪ ಮೆಲ್ಲಗೆ" ಎನ್ನುತ್ತಾ ಬಟ್ಟಲು ಹಿಡಿದು ಕೂರುತ್ತಿದ್ದರು.

"ಗಿರಾಕಿ ಕಾಲ್ ನಿಮ್ ಅಂಗ್ಡಿಗೇ ತಿರ್ಗ್ಲಿ ಅಂತ ಹಾಡೂದ್ ನಾನ್" ಎಂದು ಇವರು.

ಭಜನೆಯಲ್ಲಿ ಯಾರಾದರೂ ತಾಳ ತಪ್ಪಿದರೆ ಮಾತ್ರ ನಗೆಯಿಲ್ಲ. ಹಾಡು ನಿಲ್ಲಿಸಿ, ತೊಡೆಗೆ ಒಂದು ಏಟು ಹೊಡೆದುಕೊಂಡು ಹೇಳುವರು: "ತಾಳ ತಪ್ಪಿದವ್ನ್ ಬಲೆ ಹರಿತ್ತ್. ಮೊದ್ಲಿಂದ."

ಒಂದು ಬೆಳಿಗ್ಗೆ ಅವರು ಕೂಗುತ್ತಿದ್ದಾಗ 'ತಾ...' ಬಂತು, 'ಜಾ' ಬರಲಿಲ್ಲ. ಚೂರಿ ಕೈಯಿಂದ ಜಾರಿ ಮಂಜುಗಡ್ಡೆಯ ಮೇಲೆ ಬಿತ್ತು. ಪಕ್ಕದವರು ಇದು ಹೊಸ ತಮಾಷೆ ಎಂದುಕೊಂಡು ನಕ್ಕರಂತೆ. ಬಾಯಿ ಒಂದು ಬದಿಗೆ ಎಳೆದಾಗ ನಗೆ ನಿಂತಿತು. ಮೆದುಳಿನ ಎಡಭಾಗದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಜೀವ ಉಳಿಯಿತು. ಬಲಗೈ ಬಲಗಾಲು ಸೋತವು, ಮೀಸೆಯ ಒಂದು ತುದಿ ಕೆಳಗಾಯಿತು. ಮಾತು ಹೋಯಿತು.

ಪೂರ್ತಿ ಹೋಗಲಿಲ್ಲ. ಒಂದೇ ಒಂದು ಶಬ್ದ ಉಳಿಯಿತು: 'ಯಲ್ಲಾ'. ಇಲ್ಲಿ ಎಲ್ಲರೂ ದಿನಕ್ಕೆ ನೂರು ಸಲ ಹೇಳುವ ಅರಬ್ಬಿ ಶಬ್ದ, 'ನಡಿ, ಬೇಗ, ಹೊರಡು' ಎಂದು. ನೋವಾದರೆ ಯಲ್ಲಾ, ಹಸಿದರೆ ಯಲ್ಲಾ. ನರ್ಸಮ್ಮನಿಗೆ ಯಲ್ಲಾ, ಡಾಕ್ಟರಿಗೆ ಯಲ್ಲಾ. ನಾವು ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಉತ್ತರ ಒಳಗೆ ತಯಾರಿದೆ ಎಂದು ಕಣ್ಣು ಹೇಳುತ್ತಿತ್ತು. ಬಾಯಿ ತೆರೆದರೆ ಯಲ್ಲಾ. ಆಗ ಅವರೇ ಬೆಚ್ಚಿ ಬಾಯಿ ಮುಚ್ಚುತ್ತಿದ್ದರು.

ಊರಿನ ಹೆಂಡತಿಗೆ ಸುದ್ದಿ ಮುಟ್ಟಿಸುವ ಕೆಲಸ ಭಟ್ಕಳದ ಸಾಹೇಬರು ವಹಿಸಿಕೊಂಡರು. ಪದ್ಧತಿ ಬಿಡುತ್ತಾರಾ? "ಸ್ವಲ್ಪ ಹುಷಾರಿಲ್ಲಮ್ಮಾ, ಮಲಗಿದ್ದಾರೆ" ಎಂದರು. ಮರುದಿನ "ಆಸ್ಪತ್ರೆಯಲ್ಲಿದ್ದಾರೆ, ಚಿಂತೆ ಬೇಡ" ಎಂದರು. ಆ ಹೆಂಗಸು ಗಲ್ಫಿಗೆ ಗಂಡನನ್ನು ಕಳಿಸಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಈ ಮೆಟ್ಟಿಲು ಎಲ್ಲಿಗೆ ಇಳಿಯುತ್ತದೆ ಎಂದು ಚೆನ್ನಾಗಿ ಗೊತ್ತು.

"ಅವ್ರ್ ಸ್ವರ ಕೇಣ್ಸಿ" ಎಂದರು.

ಇವರ ಕೈಗೆ ಫೋನು ಕೊಟ್ಟೆವು. "ಯಲ್ಲಾ... ಯಲ್ಲಾ" ಎಂದರು, ತೊದಲುವ ಬಾಯಿಂದ. ಅತ್ತ ಕಡೆಯಿಂದ ಹೆಂಡತಿ: "ಯಾರ್ ಅದ್? ಯಾವ್ದೋ ಅರಬಿಯವ್ನ ಕೈಯಲ್ ಫೋನ್ ಕೊಟ್ರಿಯಾ?"

ಅವರು ಫೋನನ್ನು ಎಡಗೈಯಿಂದ ಗೋಡೆಗೆ ಎಸೆದರು. ಮತ್ತೆ ಮುಟ್ಟಲಿಲ್ಲ.

ವಿಡಿಯೋ ತೋರಿಸೋಣವೆಂದರೆ ಮೊಬೈಲು ಕಂಡ ಕೂಡಲೇ ಮುಖ ದಿಂಬಿಗೆ. ಹಾಗೆ ಜೋಲುವ ಮೀಸೆಯನ್ನು ಅವರು ಯಾರಿಗೆ ತೋರಿಸಿಯಾರು! ಸಾಹೇಬರು ಉಪಾಯ ಮಾಡಿ ನಿದ್ದೆಯಲ್ಲಿದ್ದಾಗ ಫೋಟೋ ತೆಗೆದು ಕಳಿಸಿದರು. ಆಕೆ ನೋಡಿ ಕೇಳಿದ್ದು ಒಂದೇ ಮಾತು: "ಮಲ್ಕಂಡದ್ದಾ, ಮಲ್ಗ್ಸಿದ್ದಾ?" ಇನ್ನೊಮ್ಮೆ ನೇರ ವಿಡಿಯೋಕ್ಕೆ ಹಿಡಿದರೆ ಇವರು ಹೊದಿಕೆಯನ್ನು ಎಳೆದು ಮುಖದ ಮೇಲೆ ಹಾಕಿಕೊಂಡರು. ಮುಖಕ್ಕೆ ಬಟ್ಟೆ ಮುಚ್ಚಿದ ಗಂಡನನ್ನು ಹೆಂಡತಿಗೆ ತೋರಿಸಿದ ಹಾಗಾಯಿತು! ಊರಿನ ಮನೆಯಲ್ಲಿ ಹೆಂಗಸರು ಸಾವಿನ ಮನೆಗೆ ಬಂದಂತೆ ಬಂದು ಕೂರಲು ಶುರು ಮಾಡಿದರು. ಇವರನ್ನು ಕಳಿಸೋಣವೆಂದರೆ ಡಾಕ್ಟರು ಸದ್ಯಕ್ಕೆ ವಿಮಾನ ಬೇಡ ಎಂದಿದ್ದರು. ಆಕೆ ಬರೋಣವೆಂದರೆ ಪಾಸ್‌ಪೋರ್ಟೇ ಇಲ್ಲ.

ಆಸ್ಪತ್ರೆಯಿಂದ ಫ್ಲ್ಯಾಟಿಗೆ ತಂದ ಮೇಲೆ ಮೊದಲ ಶನಿವಾರ. ಭಜನೆ ಬೇಡ, ಅವರಿಗೆ ಸಂಕಟವಾದೀತು ಎಂದು ಕೆಲವರು. ಹಾಡದೆ ಇದ್ದರೆ ಇನ್ನೂ ಸಂಕಟ ಎಂದು ನಾನು. ಕೊನೆಗೆ ಮೆಲ್ಲಗೆ ಒಂದು ಭಜನೆ ಎತ್ತಿದೆವು. ಅವರು ಮಂಚದ ಮೇಲೆ, ಕಣ್ಣು ಮುಚ್ಚಿ. ಪಲ್ಲವಿ ಮುಗಿದು ಎರಡನೇ ಸಲ ಬರುವಾಗ ನಮ್ಮ ಹಿಂದಿನಿಂದ ಒಂದು ಸ್ವರ ಸೇರಿತು.

ಅವರದ್ದೇ! ಶಬ್ದ ಶಬ್ದವೂ ಸ್ಪಷ್ಟ! ದೇವರ ಹೆಸರು, ಹೂವು, ದೀಪ, ಎಲ್ಲ. ಒಂದಕ್ಷರ ಆಚೀಚೆ ಇಲ್ಲ. ನೀರು ಕೇಳಲು ಬಾರದ ಬಾಯಿ ಪೂರ್ತಿ ಚರಣ ಹಾಡುತ್ತಿದೆ! ಹಾರ್ಮೋನಿಯಂ ಬಾರಿಸುವವನು ಬೆರಗಾಗಿ ಕೈ ಎತ್ತಿಬಿಟ್ಟ. ಹಾಡು ನಿಂತಿತು. ಅವರ ಬಾಯಿಯೂ ನಿಂತಿತು.

"ಹೇಳಿ, ಹೇಳಿ, ಮಾತಾಡಿ!" ಎಂದು ಎಲ್ಲರೂ ಮುತ್ತಿದೆವು.

"ಯಲ್ಲಾ" ಎಂದರು. ಕಣ್ಣಲ್ಲಿ ನೀರು.

ಮತ್ತೆ ಹಾಡಿದೆವು, ಮತ್ತೆ ಬಂತು. ಈ ಸಲ ಸಾಹೇಬರು ಬಾಗಿಲಲ್ಲಿ ನಿಂತು ಮೊಬೈಲಿನಲ್ಲಿ ಸ್ವರ ಹಿಡಿದರು, ಖುಷಿಯಲ್ಲಿ ಅಲ್ಲೇ ಊರಿಗೆ ಕಳಿಸಿದರು. ಇಷ್ಟು ದೊಡ್ಡ ಸಾಕ್ಷಿ ಇನ್ನೇನು ಬೇಕು! ಹತ್ತು ನಿಮಿಷಕ್ಕೆ ನನಗೆ ಫೋನು ಬಂತು.

"ಏಸಿಯವ್ರೆ, ಇದ್ ಹಳೀ ಭಜನೆ. ಯಾವತ್ತೋ ತುಂಬ್ಸಿಟ್ಟದ್ದ್. ಇಷ್ಟ್ ಚೆಂದ ಹಾಡುಕ್ ಬಪ್ಪವ್ರ್ ನನ್ ಹತ್ರ ಒಂದ್ ಮಾತ್ ಆಡುದಿಲ್ಲೆ ಅಂದ್ರೆ ನಾನ್ ನಂಬ್ಕಾ? ಮಂಗ ಮಾಡ್ಬೇಡಿ. ಬಪ್ಪು ಸಂಕ್ರಾಂತಿ ತನ್ಕ ಕಾಯ್ತೆ. ಅಷ್ಟ್ರೊಳ್ಗೆ ಅವ್ರ್ ಒಂದ್ ಹೊಸ ಮಾತ್ ಆಡ್ಕ್. ಇಲ್ದಿದ್ರೆ ನಾನ್ ಬಳಿ ಒಡ್ಕಂತೆ."

ಸತ್ತಿಲ್ಲದ ಗಂಡನಿಗಾಗಿ ಆಕೆ ಬಳೆ ಒಡೆದುಕೊಳ್ಳುವುದು! ಆ ಮಾತನ್ನು ಇವರಿಗೆ ಮುಚ್ಚಿಡಬೇಕೆಂದು ಸಾಹೇಬರು ಕಣ್ಸನ್ನೆ ಮಾಡಿದರು. ನಾನು ಮುಚ್ಚಿಡಲಿಲ್ಲ. ಮುಚ್ಚಿಟ್ಟೇ ಇಲ್ಲಿಗೆ ಬಂದು ನಿಂತದ್ದಲ್ಲವೇ. ಹೇಳಿದೆ. ಅವರು ಎಡಗೈಯಿಂದ ನನ್ನ ಅಂಗಿ ಹಿಡಿದು ಬಾಗಿಲ ಕಡೆ ತೋರಿಸಿ, "ಯಲ್ಲಾ!" ಎಂದರು. ಆ ಒಂದು ಸಲ ಶಬ್ದ ಸರಿಯಾದ ಜಾಗದಲ್ಲಿ ಬಿದ್ದಿತ್ತು.

ಮರುದಿನವೇ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಅಲ್ಲಿ ಮಾತು ಕಲಿಸುವ ಥೆರಪಿಸ್ಟ್ ಮಂಗಳೂರಿನ ಹುಡುಗಿ. ನನ್ನ ಮಗಳ ವಯಸ್ಸು. ಭಜನೆಯ ಕತೆ ಕೇಳಿ ಆಕೆಯ ಮುಖ ಅರಳಿತು, ಆದರೆ ಆಶ್ಚರ್ಯ ಕಾಣಲಿಲ್ಲ.

"ಹೆಚ್ಚಿನವರಿಗೆ ಮಾತಿನ ಕೆಲಸ ಮಾಡೋದು ಮೆದುಳಿನ ಎಡಗಡೆ. ಇವರಿಗೆ ಪೆಟ್ಟು ಬಿದ್ದದ್ದು ಅಲ್ಲಿಗೇ. ಆದ್ರೆ ಹಾಡುವಾಗ ಬಲಗಡೆಯೂ ಕೆಲಸಕ್ಕೆ ಇಳಿತದೆ. ಅದು ಇವರಿಗೆ ಚೆನ್ನಾಗಿ ಉಂಟಲ್ಲ" ಎಂದಳು.

ನಾನು ಕುರ್ಚಿಯಿಂದ ಎದ್ದೇಬಿಟ್ಟೆ. "ಅಂದ್ರೆ ಸ್ಟ್ಯಾಂಡ್‌ಬೈ ಲೈನ್ ಉಂಟು!"

"ಒಂಥರಾ ಹಾಗೇ. ಆದ್ರೆ ಸ್ವಿಚ್ ಹಾಕಿದ ಕೂಡ್ಲೆ ಉರಿಯೋದಿಲ್ಲ ಮಾರಾಯ್ರೆ. ಎಲ್ಲರಿಗೂ ಆಗ್ತದೆ ಅಂತಲೂ ಇಲ್ಲ. ಭಜನೆ ಬಾಯಿಪಾಠ. ಇಡೀ ಹಗ್ಗ ಒಟ್ಟಿಗೆ ಬರ್ತದೆ. ಅದರಿಂದ ಒಂದು ನೂಲು ತೆಗೆದು ಹೊಸ ಮಾತು ಹೊಲಿಯಲಿಕ್ಕೆ ಕಷ್ಟ."

ನನಗೆ ಥಟ್ಟನೆ ಅರ್ಥವಾಯಿತು. ಶಾಲೆ ಬಿಟ್ಟು ಇಷ್ಟು ವರ್ಷವಾದರೂ ನಾನು ಮಗ್ಗಿ ಮರೆತಿಲ್ಲ, ಏಕೆಂದರೆ ಮೇಷ್ಟ್ರು ರಾಗದಲ್ಲಿ ಹೇಳಿಸಿದ್ದರು. ಆದರೆ ಹದಿನೇಳೆಂಟ್ಲ ಎಷ್ಟು ಎಂದು ಮಧ್ಯದಿಂದ ಕೇಳಿದರೆ ಈಗಲೂ ಹದಿನೇಳೊಂದ್ಲದಿಂದ ಹತ್ತಿ ಬರಬೇಕು. ರಾಗ ನೆನಪನ್ನು ಕಟ್ಟಿಡುತ್ತದೆ. ಕಟ್ಟಿದ್ದು ಬಿಡಿಬಿಡಿಯಾಗಿ ಬರುವುದಿಲ್ಲ.

ಆಕೆ ಅವರ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದು, ಮೇಜಿನ ಮೇಲೆ ಮೆಲ್ಲಗೆ ತಟ್ಟಿಸುತ್ತಾ, ಒಂದು ಮೇಲಿನ ಸ್ವರ ಒಂದು ಕೆಳಗಿನ ಸ್ವರದಲ್ಲಿ "ನೀ...ರು ಬೇ...ಕು" ಎಂದು ಹಾಡಿದಳು. ಅಂಗನವಾಡಿಯ ಮಕ್ಕಳಿಗೆ ಹೇಳುವ ಹಾಗೆ. ಇವರು ಆಚೆ ತಿರುಗಿದರು. ಎರಡು ವಾರ ಹೀಗೇ ಹೋಯಿತು. ಸಂಕ್ರಾಂತಿ ಹತ್ತಿರವಾಗುತ್ತಿತ್ತು. ಒಂದು ದಿನ ಆಕೆ ಪೆನ್ನು ಕೆಳಗಿಟ್ಟು ನನ್ನನ್ನು ಕೇಳಿದಳು:

"ಇವರು ಕೆಲಸದಲ್ಲಿ ಇಡೀ ದಿನ ಏನು ಮಾಡ್ತಿದ್ರು?"

"ಮೀನು ಕೂಗ್ತಿದ್ರು."

"ಕೂಗೋದಂದ್ರೆ? ರಾಗ ಉಂಟಾ ಅದಕ್ಕೆ?"

"ಉಂಟಾ ಅಂತ ಕೇಳ್ತೀರಾ! ರಾಗ ಒಂದೇ, ಮೀನು ದಿನಾ ಬೇರೆ, ಗಿರಾಕಿ ಬೇರೆ, ಮಾತು ಬೇರೆ."

ಆಕೆ ನೆಟ್ಟಗೆ ಕೂತಳು. "ರಾಗ ಒಂದೇ, ಮಾತು ಮಾತ್ರ ಬೇರೆ ಬೇರೆ? ಕೂಗಿ ತೋರ್ಸಿ. ಈಗಲೇ."

ಅಷ್ಟು ದೊಡ್ಡ ಆಸ್ಪತ್ರೆ, ಹೊರಗೆ ಬಿಳಿ ಕೋಟಿನವರು ಓಡಾಡುತ್ತಿದ್ದಾರೆ. ನನ್ನದು ಕಂಚಿನ ಕಂಠವೂ ಅಲ್ಲ. ಕಣ್ಣು ಮುಚ್ಚಿ "ತಾಜಾ ಬಂಗುಡೆ!" ಎಂದು ಅರಚಿದೆ. ಬಾಗಿಲಲ್ಲಿ ಒಬ್ಬ ಫಿಲಿಪ್ಪೀನೋ ನರ್ಸು ಇಣುಕಿದಳು. ಮೇಜಿನ ಮುಂದೆ ಕೂತಿದ್ದ ಅವರ ಮುಖ ಹುಳಿ ತಿಂದ ಹಾಗಾಯಿತು. ಇನ್ನೊಮ್ಮೆ ಅರಚಿದೆ, ಇನ್ನೂ ಕೆಟ್ಟದಾಗಿ. ಅವರಿಗೆ ತಡೆಯಲಾಗಲಿಲ್ಲ. ಎಡಗೈಯಿಂದ ಮೇಜಿಗೆ ಫಟ್ ಎಂದು ಬಾರಿಸಿ, ಕತ್ತು ಎತ್ತಿ,

"ತಾ...ಜಾ..."

ಅದೇ ಎತ್ತರ! ಅದೇ ಇಳಿತ!

"ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ!" ಎಂದು ಹುಡುಗಿ ಅವರ ಕೈ ಹಿಡಿದು ತಟ್ಟಿಸುತ್ತಾ, ಅದೇ ರಾಗಕ್ಕೆ, "ನೀ...ರೂ ಬೇಕೂ!" ಎಂದಳು.

"ನೀ...ರೂ..." ಕೈ ಮೇಜಿಗೆ ಬಿತ್ತು. "ನೀ...ರೂ ಬೇಕೂ!"

ಆಕೆ ಓಡಿ ಹೋಗಿ ನೀರು ತಂದು ಕೈಗಿಟ್ಟಳು. ಅವರು ಕುಡಿಯಲಿಲ್ಲ. ಲೋಟವನ್ನೇ ನೋಡುತ್ತಿದ್ದರು. ಕೇಳಿದ್ದು ಬಂದಿತ್ತು! ಆ ಹುಡುಗಿ ಅಳುತ್ತಿದ್ದಳು, ನಾನು ನಗುತ್ತಿದ್ದೆ, ಯಾಕೆಂದು ಇಬ್ಬರಿಗೂ ಗೊತ್ತಿಲ್ಲ. ಒಬ್ಬ ಮನುಷ್ಯನ ತಲೆಯೊಳಗೆ ಮುಚ್ಚಿದ ದಾರಿಯ ಪಕ್ಕದಲ್ಲೇ ಇನ್ನೊಂದು ದಾರಿ ತೆರೆಯುವುದನ್ನು ನಾವು ಎದುರು ಕೂತು ಕಂಡಿದ್ದೆವು. ನಾನು ಎಷ್ಟೋ ಯಂತ್ರ ಬಿಚ್ಚಿದ್ದೇನೆ. ಇಂಥ ಯಂತ್ರ ಕಂಡಿಲ್ಲ.

ಅವತ್ತಿನಿಂದ ಕೆಲಸ ಬಿಟ್ಟ ಕೂಡಲೇ ನಾನು ಎಲೆಕ್ಟ್ರಾ ಸ್ಟ್ರೀಟಿಗೆ. ಆಕೆ ಹೇಳಿಕೊಟ್ಟಂತೆ ಕೈ ತಟ್ಟುವುದು, ಮೊದಲು ಬರೀ ರಾಗ ಗುನುಗುವುದು, ಆಮೇಲೆ ಮಾತು ಕೂರಿಸುವುದು. "ಚಾ...ಯಾ ಬೇಕೂ!" "ಬಾ...ಗ್ಲ್ ಹಾಕೀ!" ಮೇಲಿನ ಮಹಡಿಯ ಈಜಿಪ್ಟಿನವನು ಇಳಿದು ಬಂದು, ಇಲ್ಲಿ ಮೀನು ಮಾರುತ್ತೀರಂತೆ, ಕಿಲೋಗೆ ಎಷ್ಟು ಎಂದು ಕೇಳಿದ. ಸಾಹೇಬರು ಗಂಭೀರವಾಗಿ "ಖಲಾಸ್, ಇವತ್ತಿನದು ಮುಗೀತು" ಎಂದು ಕಳಿಸಿದರು. ಅಂಗಡಿಯ ಬಾಗಿಲಲ್ಲಿ ನಿಂತು ಅವರೇ "ಅ...ತ್ತರ್ ಬೇಕೂ" ಎಂದು ಗುನುಗುವುದನ್ನು ನಾನು ಕೇಳಿದ್ದೇನೆ.

ಎಲ್ಲ ದಿನವೂ ಒಳ್ಳೆಯ ದಿನವಲ್ಲ. ಕೆಲವು ಸಂಜೆ ಒಂದು ಶಬ್ದವೂ ಹೊರಡುತ್ತಿರಲಿಲ್ಲ. ಸಿಟ್ಟು ಬಂದು ಮಂಚಕ್ಕೆ ಹೊಡೆದು ಹೊಡೆದು ಎಡಗೈ ಊದಿಸಿಕೊಂಡರು. ಒಮ್ಮೆ ನಾನೇ ತಾಳ ತಪ್ಪಿದೆ. ತೊಡೆಗೆ ಏಟು ಹೊಡೆದುಕೊಂಡು, ಬೆರಳಿನಿಂದ ಗಾಳಿಯಲ್ಲಿ ಒಂದು ಸುತ್ತು ಸುತ್ತಿ ತೋರಿಸಿದರು. ಮೊದಲಿನಿಂದ! ಮಾತು ಹೋದರೂ ಮೇಷ್ಟ್ರುತನ ಹೋಗಿರಲಿಲ್ಲ.

ಆಮೇಲೆ ಅವರು ಊರಿಗೆ ಹೋಗಿ ಕೆಲವು ವರ್ಷ ಚೆನ್ನಾಗಿಯೇ ಬದುಕಿದರು. ಕೋಲು ಹಿಡಿದು ನಡೆಯುವಾಗಲೂ ಒಳಗೊಳಗೇ ಏನೋ ಗುನುಗುತ್ತಾ ತಾಳಕ್ಕೆ ಕಾಲಿಡುತ್ತಿದ್ದರಂತೆ. ಗುನುಗು ನಿಂತರೆ ಕಾಲೂ ನಿಲ್ಲುತ್ತಿತ್ತಂತೆ. ಮಾತು ಅರ್ಧ ಮಾತು, ಅರ್ಧ ಕೂಗು. ಆದರೆ ನನಗೆ ಹೇಳಬೇಕಾದದ್ದು ಆ ಸಂಕ್ರಾಂತಿಯ ಹಿಂದಿನ ದಿನದ್ದು.

ಹೆಂಡತಿಗೆ ಹೇಳಲು ಯಾವ ಮಾತು ತಯಾರು ಮಾಡುವುದು ಎಂದು ಮೊದಲೇ ಚರ್ಚೆಯಾಗಿತ್ತು. "ನಾನು ಚೆನ್ನಾಗಿದ್ದೇನೆ, ಚಿಂತೆ ಮಾಡಬೇಡ" ಎಂದು ಹೇಳಿಸೋಣ ಎಂದರು ಸಾಹೇಬರು.

"ಸಾಹೇಬ್ರೆ, ಆ ಮಾತನ್ನ ನೀವು ಎರಡು ತಿಂಗಳಿಂದ ಹೇಳ್ತಾ ಇದ್ದೀರಿ. ಅದಕ್ಕೇ ಬಳೆ ಒಡೆಯೋ ತನಕ ಬಂದದ್ದು" ಎಂದೆ. ಮಂಚದ ಮೇಲಿನವರು ಜೋರಾಗಿ ತಲೆಯಾಡಿಸಿದರು. ಕೊನೆಗೆ 'ನಾ...ನೇ ಇದೂ' ಎಂದು ಒಪ್ಪಿಗೆಯಾಯಿತು. ವಾರವಿಡೀ ಅದನ್ನೇ ಕೂಗಿಸಿದೆ.

ಮಧ್ಯಾಹ್ನದ ಊಟ ಮುಗಿದಿತ್ತು. ಫೋನು ಹಚ್ಚಿ ಸ್ಪೀಕರಿಗೆ ಹಾಕಿ ಮಂಚದ ಮೇಲಿಟ್ಟೆ. ಅತ್ತ ಕಡೆ ಹೆಂಗಸರ ಗುಸುಗುಸು ಕೇಳುತ್ತಿತ್ತು. ನಾಳೆ ಬಳೆ ಒಡೆಯುವುದಕ್ಕೆಂದು ಎಲ್ಲರೂ ಇವತ್ತೇ ಬಂದು ಸೇರಿದ್ದರು.

ಅವರು ಮಂಚದ ಮರಕ್ಕೆ ತಟ್ಟಿದರು. "ನಾ...ನೇ... ಇದೂ."

ಗುಸುಗುಸು ನಿಂತಿತು. ಹೆಂಡತಿಯ ಸ್ವರ ಗಟ್ಟಿಯಾಗಿಯೇ ಇತ್ತು. "ಇದನ್ನೂ ಎಲ್ಲಿಂದ್ಲೋ ಕತ್ರ್ಸಿ ಹಾಕಿದ್ರಿ. ಮೀನ್ ಕೂಗೂದ್ ಊರಿಗೇ ಗೊತ್ತಿತ್ತ್. ನಾನ್ ಒಂದ್ ಕೇಂತೆ, ಅದ್ಕ್ ಉತ್ರ ಹೇಳ್ಲಿ. ಇವತ್ ಮಧ್ಯಾಹ್ನ ಎಂತ ಊಟ?"

ಇದನ್ನು ನಾವು ಕಲಿಸಿಯೇ ಇಲ್ಲ! ಉತ್ತರ ನಾನು ಹೇಳಲು ಹೋದರೆ ಅವರು ಎಡಗೈ ಎತ್ತಿ ನನ್ನ ಬಾಯಿಗೆ ಅಡ್ಡ ಹಿಡಿದರು.

ಕೈ ಮರಕ್ಕೆ ಬಿತ್ತು. ಟಕ್. "ಗಂ..." ನಿಂತಿತು. ಹಣೆಯಲ್ಲಿ ಬೆವರು. ಮತ್ತೆ ಟಕ್, ಟಕ್. ಬರೀ ರಾಗ ಗುನುಗಿದರು, ಹುಡುಗಿ ಹೇಳಿಕೊಟ್ಟ ಹಾಗೆ, ಒಂದು ಸಲ, ಎರಡು ಸಲ. ಎಡಗೈ ಮೆಲ್ಲಗೆ ಕಿವಿಯ ಹಿಂದಕ್ಕೆ ಹೋಯಿತು. ಕುತ್ತಿಗೆಯ ನರ ಎದ್ದವು.

"ಗಂ...ಜೀ! ಬ...ರೀ ಗಂಜೀ!"

ಇವರಿಗೆ ಅಷ್ಟಕ್ಕೇ ಸಾಕಾಗಲಿಲ್ಲ. ಎಷ್ಟು ದಿನದಿಂದ ಒಳಗೆ ಕೂಡಿಟ್ಟ ಸಿಟ್ಟೋ, ಇನ್ನೂ ಒಂದು ಸ್ವರ ಮೇಲೆ ಹತ್ತಿ, ಇಡೀ ಎಲೆಕ್ಟ್ರಾ ಸ್ಟ್ರೀಟಿಗೆ ಕೇಳುವ ಹಾಗೆ ಕೂಗಿದರು:

"ಉ...ಪ್ಪೂ ಇಲ್ಲೇ!"

ಡಾಕ್ಟರು ಉಪ್ಪು ಕಡಿಮೆ ಮಾಡಿಸಿದ್ದರು. ನಾವು ಯಾರೂ ಆ ಮಾತನ್ನು ಅವರ ಬಾಯಿಗೆ ಹಾಕಿದ್ದಲ್ಲ. ಅದು ಪೂರ್ತಿ ಅವರದ್ದೇ.

ಫೋನಿನಿಂದ ಮೊದಲು ಒಂದು ಬಿಕ್ಕು ಬಂತು. ಆಮೇಲೆ ಏನೋ ಬಿದ್ದ ಸದ್ದು. ಆಮೇಲೆ ಆಕೆ ಫೋನು ಕಿವಿಯಿಂದ ತೆಗೆದು, ಮನೆಯಲ್ಲಿ ನೆರೆದಿದ್ದ ಹೆಂಗಸರ ಕಡೆ ತಿರುಗಿ ಕೂಗಿದ್ದು ನಮಗೆ ಇಲ್ಲಿ ಸ್ಪಷ್ಟವಾಗಿ ಕೇಳಿಸಿತು:

"ಎದ್ದ್ ಮನಿಗ್ ಹೋಯ್ನಿ ಎಲ್ಲ! ಸತ್ತವ್ರ್ ಉಪ್ಪ್ ಕೇಂತ್ರಾ?"